ಎರಡು ಕೆಜಿಯ ದುರ್ಬೀನು

ಕುರಿಯ ಕಿವಿಯ ಸುತ್ತ ಒಂದು ನೇರಳೆ ಗೆರೆ, ಕಿವಿ ಅಲ್ಲಾಡಿದರೆ ಗೆರೆಯೂ ಅಲ್ಲಾಡುತ್ತದೆ, ಕುರಿ ತನ್ನ ಪಾಡಿಗೆ ಮೆಲುಕು ಹಾಕುತ್ತಿದೆ, ಒಂದು ಕಿಲೋಮೀಟರ್ ಈಚೆ ಬೇಟೆ ಸಾಮಾನಿನ ಅಂಗಡಿಯ ಬಾಗಿಲಲ್ಲಿ ಹೆಂಗಸೊಬ್ಬಳು ಸೊಂಟ ಬಗ್ಗಿಸಿ ಒಂದು ಕಣ್ಣು ಮುಚ್ಚಿ ತನ್ನ ಕಿವಿಯನ್ನೇ ನೋಡುತ್ತಿದ್ದಾಳೆ ಅಂತ ಅದಕ್ಕೇನು ಗೊತ್ತು — ಬೇಡ, ಇದು ಬೇಡ, ಇಲ್ಲದ ಬಣ್ಣ ತೋರಿಸುವ ಗಾಜು ನಾಳೆ ಇಲ್ಲದ ಕೊಂಬನ್ನೂ ತೋರಿಸೀತು, ನೈರಿ ದುರ್ಬೀನಿನಿಂದ ಕಣ್ಣು ತೆಗೆದಳು, ಎಂಟುನೂರು ಡಾಲರ್, ಅರವತ್ತು ಪಟ್ಟು ಹತ್ತಿರ ಕಾಣತ್ತೆ ನೋಡಮ್ಮ, ಈ ದುಡ್ಡಿಗೆ ಇಂಥದ್ದು ಇನ್ನೆಲ್ಲೂ ಸಿಗಲ್ಲ, ಸ್ಟ್ಯಾಂಡು ಬೇರೆ ಫ್ರೀ, ಎನ್ನುತ್ತಿದ್ದಾನೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮುದುಕ ಆರ್ಚಿ, ಅರವತ್ತು ಪಟ್ಟಂತೆ, ಅರವತ್ತಕ್ಕೆ ತಿರುಗಿಸಿದರೆ ಕುರಿಯೂ ಇಲ್ಲ ಕಿವಿಯೂ ಇಲ್ಲ, ಬರೀ ಗಂಜಿ ಕಲಕಿದ ಹಾಗೆ ಬಿಳುಪು, ಇದನ್ನು ಯಾರಿಗೆ ಮಾರುತ್ತೀಯ ಆರ್ಚಿ, ಕುರುಡರಿಗಾ, ಎನ್ನಬೇಕೆಂದು ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು, ಆರ್ಚಿಗೆ ಅವಳ ಕಥೆ ಗೊತ್ತು, ಈ ಫೇರ್ಲಿ ಊರಲ್ಲಿ ಯಾರಿಗೆ ಗೊತ್ತಿಲ್ಲ, ಗೊತ್ತಿರುವುದಕ್ಕೇ ಅವನು ಫ್ರೀ ಸ್ಟ್ಯಾಂಡಿನ ಮಾತಾಡುತ್ತಿದ್ದಾನೆ, ಬೇರೆ ಏನು ಆಡಬೇಕೋ ತೋಚದೆ, ಅದೂ ಅವಳಿಗೆ ತಿಳಿಯುತ್ತದೆ, ತಿಳಿದೂ ಮೈ ಉರಿಯುತ್ತದೆ. ಬೂಟುಗಳ ಕಪಾಟಿನ ಪಕ್ಕ ಟೋಪಿ ಕೈಯಲ್ಲಿ ಹಿಡಿದುಕೊಂಡು ಡಾರಿಲ್ ನಿಂತಿದ್ದಾನೆ. ಅವಳು ಆ ಕಡೆ ನೋಡುವುದಿಲ್ಲ.

ನೋಡುವುದೇನು, ಬೆನ್ನಿಗೇ ಕಾಣುತ್ತಾನೆ, ಏಳು ವರ್ಷ ಆ ಮನುಷ್ಯ ಇತ್ತ ಬಂದರೆ ಅವಳು ಅತ್ತ ಹೋಗಿದ್ದಾಳೆ, ಮಾಂಸದ ಪೈ ಮಾರುವ ಅಂಗಡಿಯ ಸಾಲಿನಲ್ಲಿ ಅವನ ಕುತ್ತಿಗೆ ಕಂಡರೆ ಹಸಿವೇ ಇಲ್ಲ ಅಂತ ಮನೆಗೆ ಹೋಗಿದ್ದಾಳೆ, ಈಗ ಅವನ ಜೊತೆ ಒಂದೇ ಅಂಗಡಿಯೊಳಗೆ ಒಂದೇ ಗಾಳಿ ಕುಡಿಯುತ್ತಾ ನಿಲ್ಲುವ ಹಾಗೆ ಮಾಡಿದವಳು ಯಾರು, ತಾನು ಹೆತ್ತ ಮಗಳು, ಬ್ರಯೊನಿ, ಹತ್ತೊಂಬತ್ತು ತುಂಬಿದೆ, ಕೋವಿಯ ಲೈಸೆನ್ಸ್ ಬಂದಿದೆ, ಬಾಯಿ ಅಪ್ಪನದೇ, ಹೋದ ವಾರ ಕುರಿಮಾಂಸ ಅಗಿಯುತ್ತಾ ಎಷ್ಟು ಸಲೀಸಾಗಿ ಹೇಳಿದಳು, ಈಸ್ಟರಿಗೆ ಬೆಟ್ಟಕ್ಕೆ ಹೋಗ್ತೀನಿ ಅಮ್ಮ, ಗಂಡು ಜಿಂಕೆಗಳ ಗುಟುರು ಶುರುವಾಗಿದೆ, ಡಾರಿಲ್ ಬರ್ತಾನೆ ಜೊತೆಗೆ. ಯಾವ ಡಾರಿಲ್. ಎಷ್ಟು ಡಾರಿಲ್ ಇದಾರಮ್ಮ ಈ ಊರಲ್ಲಿ. ಅವನು ಕೋವಿ ಮುಟ್ಟಲ್ಲ, ಕೋರ್ಟು ಲೈಸೆನ್ಸ್ ಕಿತ್ಕೊಂಡ್ಮೇಲೆ ಅವನಾಗೇ ಮುಟ್ಟಿಲ್ಲ, ನೋಡಿ ಹೇಳ್ತಾನೆ ಅಷ್ಟೆ, ಅವನಷ್ಟು ಆ ಬೆಟ್ಟ ಗೊತ್ತಿರೋರು ಯಾರೂ ಇಲ್ಲ. ನೋಡಿ ಹೇಳ್ತಾನಾ, ಅವನು ನೋಡಿದ್ದು ಸಾಲದಾ, ಅವನು ನೋಡಿದ್ದಕ್ಕಲ್ವೇನೇ ನಿಮ್ಮಪ್ಪ ಮಣ್ಣಲ್ಲಿರೋದು, ಎಂದು ಅವಳು ತಟ್ಟೆ ಕುಕ್ಕಿದಳು, ಮಗಳು ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು, ನೀನು ಏಳು ವರ್ಷ ಮಾತೇ ಆಡ್ಲಿಲ್ಲ, ಅಪ್ಪ ಹೇಗಿದ್ದ ಅಂತ ನಾನು ಯಾರನ್ನ ಕೇಳ್ಬೇಕಿತ್ತು, ಅವನನ್ನೇ ಕೇಳ್ದೆ, ಅಂದಳು. ಹನ್ನೆರಡು ವರ್ಷದ ಹುಡುಗಿ ಬೇಲಿ ಹಾರಿ ಹೋಗಿ ಕೊಂದವನನ್ನೇ ಕೇಳಿದ್ದಾಳೆ ಅಪ್ಪ ಹೇಗಿದ್ದ ಅಂತ, ತಾಯಿಗೆ ಗೊತ್ತೇ ಇಲ್ಲ. ಹೋಗೋದಾದ್ರೆ ದುರ್ಬೀನು ನಾನು ಆರಿಸ್ತೀನಿ, ಇರೋದ್ರಲ್ಲೇ ಒಳ್ಳೇದು, ಅದಿಲ್ದೆ ಹೊಸ್ತಿಲು ದಾಟ್ಬೇಡ, ಎಂದಷ್ಟೇ ಹೇಳಲಿಕ್ಕಾಯಿತು. ಇವತ್ತು ಹತ್ತು ಗಂಟೆಗೆ ಮೂವರೂ ಇಲ್ಲಿ ಸೇರುವುದು ಅಂತ ಆ ಹುಡುಗಿ ಏರ್ಪಾಡು ಮಾಡಿ, ತಾನು ಕೆಲಸಕ್ಕಿರುವ ಫಾರಂನಲ್ಲಿ ಕುರಿಗಳಿಗೆ ಟಗರು ಬಿಡುವ ದಿನ, ಬರಕ್ಕಾಗಲ್ಲ ಅಂತ ಮೆಸೇಜು ಕಳಿಸಿ ಕೈತೊಳೆದುಕೊಂಡಿದ್ದಾಳೆ.

ಇದನ್ನ ನೋಡು, ಆರ್ಚಿ ಗಾಜಿನ ಕಪಾಟು ತೆಗೆಯುತ್ತಾನೆ, ಎರಡು ಸಾವಿರದ ಇನ್ನೂರು, ಸಣ್ಣದು, ಮೂವತ್ತು ಪಟ್ಟು ಅಷ್ಟೆ, ಮುಂದಿನ ಗಾಜು ಕಿರಿದು, ಸಂಜೆ ಬೆಳಕು ಸ್ವಲ್ಪ ಕಮ್ಮಿ ಹಿಡಿಯತ್ತೆ, ಆದ್ರೆ ಗಾಜು ಶುದ್ಧ — ನಾಲ್ಕು ಸಾವಿರದ್ದು, ಮೇಲಿನದು, ಅದನ್ನ ತೆಗಿ, ಎಂದಳು ನೈರಿ, ದೊಡ್ಡದು, ಮಗುವಿನ ತೊಡೆಯಷ್ಟು ದಪ್ಪ, ಸ್ಟ್ಯಾಂಡಿಗೆ ಕೂರಿಸುವಾಗ ಆರ್ಚಿ ಉಸಿರು ಬಿಟ್ಟ, ಕಣ್ಣಿಟ್ಟಳು, ಅಬ್ಬ, ಕುರಿ ಅಂಗಡಿಯೊಳಗೇ ಬಂದು ನಿಂತಿದೆ, ಕಿವಿಯ ನರ, ಮೂಗಿನ ಒದ್ದೆ, ನೇರಳೆ ಇಲ್ಲ, ಮಬ್ಬಿಲ್ಲ, ಇದು ಗಾಜು, ಇದನ್ನು ನೋಡಿದವನು ಮನುಷ್ಯನನ್ನು ಜಿಂಕೆ ಅಂದುಕೊಳ್ಳಲು ಸಾಧ್ಯವೇ ಇಲ್ಲ, ಕುಡಿದಿದ್ದರೂ ಸಾಧ್ಯವಿಲ್ಲ — ಇದೇ ಥರದ್ದು, ಹೆಚ್ಚುಕಮ್ಮಿ ಇದೇ, ಗಂಡ ಗ್ಲೆನ್‌ಗೆ ನಲವತ್ತಾದಾಗ ತಾನು ಕೊಟ್ಟಿದ್ದು, ಎರಡು ವರ್ಷ ಹಾಲು ಕರೆಯುವ ಕೊಟ್ಟಿಗೆಯಲ್ಲಿ ಬೆಳಗಿನ ಪಾಳಿ ಮಾಡಿ, ಇದೇ ಆರ್ಚಿಯ ಹತ್ತಿರ, ಇದ್ದದ್ದರಲ್ಲೇ ದೊಡ್ಡದು ಕೊಡು ಅಂತ, ತೂಕ ನೋಡಿ ಹಿಗ್ಗಿದ್ದಳು, ಭಾರ ಇದ್ದರೆ ಅಲ್ಲವೇ ಮಾಲು, ಎರಡು ಕೆಜಿ, ಸ್ಟ್ಯಾಂಡು ಬೇರೆ, ಹಸಿರು ಚೀಲ ತಾನೇ ಹೊಲಿದಳು, ಬಿಯರ್ ಕುಡಿಯುತ್ತಿದ್ದ ನೆಂಟರೆದುರು ಗ್ಲೆನ್ ಅದನ್ನೆತ್ತಿ, ಏನೇ ಇದು, ಕುರಿಮರಿ ಇದ್ದಂಗಿದೆ, ಅಂದ, ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಪೊಲೀಸರು ತಂದುಕೊಟ್ಟಾಗ ಆ ಚೀಲದ ಮೇಲೆ ಒಂದು ಚುಕ್ಕೆ ಕೆಸರಿರಲಿಲ್ಲ.

ಕೆಸರಿರುವುದಾದರೂ ಹೇಗೆ, ಬಿಡಾರದಲ್ಲೇ ಇತ್ತಲ್ಲ, ವಿಚಾರಣೆಯ ಕಡತದಲ್ಲಿ ಫೋಟೋ ಇತ್ತು, ಬೆಟ್ಟದ ತಗಡಿನ ಬಿಡಾರ, ಎರಡು ಮಂಚ, ಒಲೆ, ಒಣಗಲು ಹಾಕಿದ ಕಾಲುಚೀಲ, ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಹಸಿರು ಚೀಲ, ಬೆಚ್ಚಗೆ, ಒಣಗಿಕೊಂಡು, ಆ ಹೊತ್ತಿಗೆ ಹೊರಗೆ ಏನು ನಡೆಯಿತು, ಸಂಜೆ, ತುಂತುರು, ಇಬ್ಬರೂ ಬೇರೆ ಬೇರೆ ಕಣಿವೆ ಹಿಡಿದಿದ್ದರು, ಗ್ಲೆನ್ ಜಿಂಕೆ ಕರೆಯಲು ದನದ ಕೊಂಬಿಗೆ ಬಾಯಿಟ್ಟು ಗುಟುರು ಹಾಕಿದ, ಗಂಡು ಜಿಂಕೆ ಎಂದರೆ ಗಂಡು ಜಿಂಕೆಯೇ, ಊರಿನ ಗುಟುರು ಪಂದ್ಯದಲ್ಲಿ ಮೂರು ಸಲ ಗೆದ್ದವನು, ಡಾರಿಲ್ ಕೇಳಿಸಿಕೊಂಡು ತಾನೂ ಗುಟುರು ಹಾಕಿದ, ಅವನು ಇವನನ್ನು ಜಿಂಕೆ ಅಂದುಕೊಂಡ, ಇವನು ಅವನನ್ನು ಜಿಂಕೆ ಅಂದುಕೊಂಡ, ಇಪ್ಪತ್ತು ನಿಮಿಷ ಇಬ್ಬರು ಗಂಡಸರು, ಪ್ರೈಮರಿಯಿಂದ ಒಂದೇ ಬೆಂಚಿನವರು, ಒಬ್ಬರಿಗೊಬ್ಬರು ಗುಟುರು ಹಾಕುತ್ತಾ ಹತ್ತಿರ ಹತ್ತಿರ ಬಂದರು, ಜಿಂಕೆಗಳೂ ನಕ್ಕಿರಬೇಕು, ಆಮೇಲೆ ಎದುರು ದಿಬ್ಬದ ಪೊದೆಯಂಚಿನಲ್ಲಿ ಕಂದು ಬಣ್ಣ ಅಲ್ಲಾಡಿತು, ದುರ್ಬೀನಿಟ್ಟು ನೋಡಬೇಕು, ಕೂತು, ಉಸಿರು ಹಿಡಿದು, ಇಡೀ ಪ್ರಾಣಿ ಕಾಣುವವರೆಗೆ ನೋಡಬೇಕು, ಲೈಸೆನ್ಸಿನ ತರಗತಿಯಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ, ಕೋವಿಯ ಮೇಲಿನ ಗುರಿ ಹಿಡಿಯುವ ಗಾಜಿನಲ್ಲಿ ಹುಡುಕಬೇಡಿ, ಹುಡುಕುವ ಕಣ್ಣಿನ ಹಿಂದೆಯೇ ಬೆರಳಿರುತ್ತದೆ — ಡಾರಿಲ್ ಕೋವಿಯ ಗಾಜಿನಲ್ಲೇ ನೋಡಿದ, ಜಿಂಕೆ ಬೇಕಿತ್ತು, ಜಿಂಕೆ ಕಂಡಿತು. ಇಬ್ಬರ ನಡುವೆ ಇದ್ದ ಆ ಒಂದೇ ದುರ್ಬೀನು ಎಲ್ಲಿತ್ತು ಎಂದು ನ್ಯಾಯಾಧೀಶೆ ಕೇಳಿದ್ದಕ್ಕೆ, ಮರ್ತೆ, ನಾನೇ ಬಿಡಾರದಲ್ಲಿ ಮರ್ತುಬಂದೆ, ಅಂದ. ಮರೆತನಂತೆ, ಎರಡು ಕೆಜಿಯ ವಸ್ತು ಮರೆಯಲು ಅದೇನು ಕರವಸ್ತ್ರವಾ, ಆ ಒಂದು ಮಾತನ್ನು ಏಳು ವರ್ಷ ಅವಳು ಜಗಿದಿದ್ದಾಳೆ, ಗುಂಡನ್ನಾದರೂ ಕ್ಷಮಿಸಿಯಾಳು, ಸಂಜೆಗತ್ತಲು, ತುಂತುರು, ಯಾರಿಗಾದರೂ ಆದೀತು ಎಂದು ಪಾದ್ರಿ ಹೇಳಿದಾಗ ಒಂದೊಂದು ಸಲ ಹೌದೆನ್ನಿಸಿದೆ, ಆದರೆ ಮೊಳೆಯನ್ನು ಕ್ಷಮಿಸಲಾರಳು, ಆ ಸೋಮಾರಿತನವನ್ನು, ಅವಳ ಎರಡು ವರ್ಷದ ಬೆಳಗುಗಳನ್ನು ಗೋಡೆಗೆ ನೇತುಹಾಕಿ ಕೈಬೀಸಿಕೊಂಡು ಹೋದದ್ದನ್ನು. ಚರ್ಚಿನ ಹಳೆ ಸಾಮಾನಿನ ಅಂಗಡಿಗೆ ಚೀಲ ಸಮೇತ ಕೊಟ್ಟುಬಿಟ್ಟಳು, ಬೆಲೆ ಕೂಡ ಹೇಳಲಿಲ್ಲ.

ಇದೇ ಇರಲಿ ಆರ್ಚಿ, ದೊಡ್ಡದೇ, ಎಂದಳು. ಬೂಟಿನ ಕಪಾಟಿನ ಕಡೆಯಿಂದ ಕೆಮ್ಮು. ದೊಡ್ಡದು ಬೇಡ ನೈರಿ. ಅಯ್ಯೋ ದೇವರೇ, ಬಾಯಿ ಬಿಟ್ಟ, ಹೆಸರು ಹಿಡಿದು ಕರೆದ, ತಿರುಗಿದಳು, ಮುದುಕನಾಗಿದ್ದಾನೆ, ನಲವತ್ತೊಂಬತ್ತಕ್ಕೇ ಮೀಸೆ ಬೂದಿ, ಆಗಲಿ, ಚೆನ್ನಾಗಿ ಆಗಲಿ. ನೀನು ಹೇಳ್ತೀಯಾ ನಂಗೆ, ನೀನು, ಯಾವ ಗಾಜು ತಗೋಬೇಕು ಅಂತ. ಅವಳು ಹೊರಲ್ಲ ನೈರಿ, ಎರಡನೇ ದಿನಕ್ಕೆ ಬಿಟ್ಟುಬರ್ತಾಳೆ. ನೀನು ಬಿಟ್ಟುಬಂದೆ ಅಂತ ಎಲ್ಲರೂ ಬಿಡಲ್ಲ, ನನ್ನ ಮಗಳು ನಿನ್ನ ಹಾಗೆ ಸೋಂಬೇರಿ ಅಲ್ಲ. ಅವನು ಟೋಪಿಯ ಅಂಚನ್ನು ತಿರುವುತ್ತಿದ್ದಾನೆ, ಒಂದು ಸುತ್ತು, ಎರಡು ಸುತ್ತು, ನಿಲ್ಲಿಸು ಆ ಟೋಪಿ ತಿರುವೋದನ್ನ, ನಿಲ್ಲಿಸಿದ, ಆರ್ಚಿ ರಸೀದಿ ಪುಸ್ತಕ ಹುಡುಕುವ ನೆವದಲ್ಲಿ ಒಳಗೆ ಹೋದ, ಸಣ್ಣದು ತಗೋ, ಅದು ಜೇಬಲ್ಲಿ ಕೂರತ್ತೆ, ಕೂತ್ರೆ ಜೊತೆಗಿರತ್ತೆ, ಜೊತೆಗಿರೋ ಗಾಜೇ ಒಳ್ಳೇ ಗಾಜು, ಎಂದು ಅವನು ನೆಲಕ್ಕೆ ಹೇಳುತ್ತಾನೆ, ಊರು ಕೊಳ್ಳೆ ಹೋದ ಮೇಲೆ ಬುದ್ಧಿ ಹೇಳಲು ಬಂದಿದ್ದಾನೆ, ಅದನ್ನೇ ಅಂದಳು, ಏಳು ವರ್ಷದ ಹಿಂದೆ ಎಲ್ಲಿ ಹೋಗಿತ್ತೋ ಈ ಬುದ್ಧಿ, ಮರ್ತೆ ಅಂದ್ಯಲ್ಲ ಎಲ್ಲರೆದುರಿಗೆ, ನಾಚಿಕೆ ಆಗ್ಲಿಲ್ವಾ. ಮರ್ತಿರ್ಲಿಲ್ಲ, ಎಂದ ಡಾರಿಲ್. ಗಾಜಿನ ಮೇಲೆ ಒಂದು ನೊಣ ನಡೆಯುತ್ತಿದೆ, ಅವಳು ನೊಣವನ್ನೇ ನೋಡುತ್ತಾಳೆ. ನಾನು ತಗೊಂಡು ಬರ್ತೀನಿ ಅಂದೆ ನೈರಿ, ಗ್ಲೆನ್ ಬಿಡ್ಲಿಲ್ಲ. ಅವನೇ ನೇತುಹಾಕ್ದ. ಅದು ಅಲ್ಲೇ ಇರ್ಲಿ ಕಣೋ, ಹೆಗಲು ಮುರಿಯತ್ತೆ, ಅಂದ. ಪ್ರತಿ ಸಲಾನೂ ಅಲ್ಲೇ ನೇತುಹಾಕ್ತಿದ್ದ. ನೈರಿಗೆ ಹೇಳ್ಬೇಡ, ಪಾಪ ಆಸೆಯಿಂದ ಕೊಡ್ಸಿದಾಳೆ, ಅಂತಿದ್ದ. ಹೇಳಲ್ಲ ಅಂದಿದ್ದೆ. ನೋಡ್ದೆ ಹೊಡೆದೋನು ನಾನು, ತಪ್ಪು ನಂದೇ, ಅದನ್ನ ನಾನು ಬೇರೆಯವರ ಮೇಲೆ ಹಾಕಲ್ಲ. ಆದ್ರೆ ಬ್ರಯೊನಿಗೆ ದೊಡ್ಡದು ಬೇಡ.

ಸುಳ್ಳು, ಸುಳ್ಳು ಬೊಗಳುತ್ತಾನೆ, ಸತ್ತವನ ತಲೆಗೆ ಕಟ್ಟುತ್ತಾನೆ, ಕೆನ್ನೆಗೆ ಹೊಡೆಯಬೇಕು, ಈ ಸ್ಟ್ಯಾಂಡನ್ನೇ ಎತ್ತಿ — ಆದರೆ ಕೈ ಏಳುತ್ತಿಲ್ಲ, ಯಾಕೆಂದರೆ ಆ ಪಾಪ ಎಂಬ ಮಾತು, ಅದು ಡಾರಿಲ್‌ಗೆ ಕಟ್ಟಿ ಹೇಳಲು ಬರುವುದಿಲ್ಲ, ಅದು ಗ್ಲೆನ್‌ನ ಬಾಯಿ, ಅವನಿಗೆ ಎಲ್ಲರೂ ಪಾಪವೇ, ಕುಂಟು ನಾಯಿ ಪಾಪ, ತೆರಿಗೆ ಆಫೀಸಿನವನು ಪಾಪ — ಬೆಟ್ಟದಿಂದ ಬಂದಾಗಲೆಲ್ಲ ಬಾಗಿಲಲ್ಲೇ ಕೇಳುತ್ತಿದ್ದಳು, ತಗೊಂಡು ಹೋಗಿದ್ಯಾ, ಹೂಂ ಕಣೇ ಅನ್ನುತ್ತಿದ್ದ, ಹೇಗೆ ಕಾಣತ್ತೆ, ಪಕ್ಕದಲ್ಲೇ ಇದ್ದಂಗೆ ಕಾಣತ್ತೆ, ಅನ್ನುತ್ತಿದ್ದ, ಅಷ್ಟು ಹೇಳಿ ಬೂಟು ಬಿಚ್ಚಲು ಕೂರುತ್ತಿದ್ದ, ಅವಳ ಮುಖ ನೋಡದೆ, ದಾರ ಬಿಚ್ಚುತ್ತಾ, ಅದು ಸುಸ್ತು ಅಂದುಕೊಂಡಿದ್ದಳು — ಚೀಲ ಒಗೆಯುತ್ತಿದ್ದವಳು ಅವಳೇ ಅಲ್ಲವೇ, ಯಾವತ್ತಾದರೂ ಕೆಸರಿತ್ತಾ, ಗಂಡ ಸಾಮಾನು ಎಷ್ಟು ಜೋಪಾನ ಅಂತ ಅಕ್ಕಪಕ್ಕದವರಿಗೆ ಹೇಳಿಕೊಂಡಿದ್ದಳು, ಇಂಥದ್ದೇ ಸಣ್ಣದೊಂದು ಆಗಲೂ ಇದೇ ಕಪಾಟಿನಲ್ಲಿತ್ತು, ಆರ್ಚಿ ತೋರಿಸಿದ್ದ, ತೋರಿಸಿದ್ದ, ಇದೂ ಆದೀತು ನೋಡಮ್ಮ ಅಂದಿದ್ದ, ಅವಳು ಕೈಯಲ್ಲೂ ಹಿಡಿಯದೆ, ಇಷ್ಟು ಹಗುರಾನಾ, ಏನಂದ್ಕೋತಾರೆ ಜನ, ಅಂದಿದ್ದಳು. ಯಾಕೆ ಈಗ ಹೇಳಿದೆ, ಏಳು ವರ್ಷ ಹೇಳದವನು, ಇನ್ನೂ ಏಳು ವರ್ಷ ಸುಮ್ಮನಿದ್ದು ಸಾಯಬಾರದಿತ್ತಾ, ಊರೆಲ್ಲ ಉಗಿದಾಗ ಉಗಿಸಿಕೊಂಡೆಯಲ್ಲ, ನಾನು ಉಗಿದಾಗಲೂ, ಯಾರು ಕೇಳಿದ್ದರು ನಿನ್ನ ಉಪಕಾರ, ನಿನ್ನನ್ನು ಬೈದುಕೊಂಡು ನಾನು ಬದುಕಿದ್ದೆ ಕಣೋ, ಅದನ್ನೂ ಕಿತ್ತುಕೊಂಡೆ.

ಆರ್ಚಿ ರಸೀದಿ ಪುಸ್ತಕ ಹಿಡಿದು ಬಂದ. ಯಾವ್ದು ಬರೀಲಮ್ಮ. ಸಣ್ಣದು, ಎಂದಿತು ಅವಳ ಬಾಯಿ. ಸಣ್ಣದನ್ನು ಕೈಗೆ ಕೊಟ್ಟ, ಹಗುರ, ಒಂದು ಬನ್ನಿನಷ್ಟು ಹಗುರ, ಕೋಟಿನ ಜೇಬಿಗೆ ಇಳಿಯಿತು, ಇಳಿದು ಕೂತಿತು, ಗ್ಲೆನ್‌ನ ಕೋಟಿನ ಜೇಬು ಇದಕ್ಕಿಂತ ದೊಡ್ಡದಿತ್ತು, ಚಾಕು, ಟೀ ಪೊಟ್ಟಣ, ಮುರಿದ ಬಿಸ್ಕತ್ತು ಎಲ್ಲ ಹಿಡಿಯುತ್ತಿತ್ತು, ಇದೂ ಹಿಡಿಯುತ್ತಿತ್ತು — ಡಾರಿಲ್ ಬಾಗಿಲು ತೆಗೆದು ಹಿಡಿದಿದ್ದಾನೆ, ಶುಕ್ರವಾರ ನಾಲ್ಕಕ್ಕೆ ಹೊರಡ್ತೀವಿ ನೈರಿ, ಎನ್ನುತ್ತಿದ್ದಾನೆ, ಎದುರಿನ ಬೆಟ್ಟ ಕಾಣುತ್ತಿಲ್ಲ, ಕುರಿ ಕಾಣುತ್ತಿಲ್ಲ, ತಗಡಿನ ಗೋಡೆ, ಗೋಡೆಯಲ್ಲಿ ಮೊಳೆ, ಗ್ಲೆನ್ ಬೂಟು ಕಟ್ಟಿಕೊಂಡು ಎದ್ದು ನಿಲ್ಲುತ್ತಾನೆ, ಹಸಿರು ಚೀಲವನ್ನು ಹೆಗಲಿಗೆ ಹಾಕಿ ನೋಡುತ್ತಾನೆ, ತೆಗೆಯುತ್ತಾನೆ, ಅವಳು ಹೊಲಿದ ಪಟ್ಟಿಯನ್ನು ಮೊಳೆಗೆ ಸಿಕ್ಕಿಸುತ್ತಾನೆ, ಬೀಳದ ಹಾಗೆ, ಜೋಪಾನವಾಗಿ, ಸಿಕ್ಕಿಸುತ್ತಾನೆ, ಮೊಳೆಗೆ.