ತೈವೊಗೆ ಮೊದಲ ತುತ್ತು

ನಾನು ಒಂದು ಮರದ ಗೊಂಬೆ, ಗೇಣುದ್ದ ಇದ್ದೇನೆ. ನೈಜೀರಿಯಾದ ಯೊರುಬಾ ಜನರ ಊರಿನಲ್ಲಿ ಒಲೊನಾಡೆ ಎಂಬಾತ ಮರಕ್ಕೆ ಕೈಮುಗಿದು ನನ್ನನ್ನು ಕೆತ್ತಿದ. ಅವಳಿಗಳಲ್ಲಿ ಒಂದು ಮಗು ತೀರಿಕೊಂಡರೆ ಅದರ ಜೀವಕ್ಕೆ ನೆಲೆಯಾಗಲೆಂದು ಗೊಂಬೆ ಮಾಡಿಸುವುದು ಅಲ್ಲಿನ ಪದ್ಧತಿ.

ಅಲ್ಲಿ ಎಲ್ಲ ಮನೆಯ ಅವಳಿಗಳಿಗೂ ಅವೇ ಎರಡು ಹೆಸರು. ಮೊದಲು ಹುಟ್ಟಿದ್ದು ತೈವೊ, ಆಮೇಲಿನದು ಕೆಹಿಂದೆ. ಅಬೇಕೆ ಎಂಬ ತಾಯಿಯ ಅವಳಿ ಹೆಣ್ಣುಮಕ್ಕಳಿಗೆ ಒಟ್ಟಿಗೇ ಜ್ವರ ಬಂತು. ಕೆಹಿಂದೆ ಉಳಿದಳು, ತೈವೊ ಹೋದಳು. ನಾನು ತೈವೊ ಆದೆ. ಅಬೇಕೆ ನನ್ನನ್ನು ಮೀಯಿಸುತ್ತಿದ್ದಳು, ಬೆಂದ ಅಲಸಂದೆ ಕಾಳನ್ನು ಬಾಯಿಗೆ ಮುಟ್ಟಿಸುತ್ತಿದ್ದಳು, ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡು ಸಂತೆಗೂ ಒಯ್ಯುತ್ತಿದ್ದಳು.

ಕೆಹಿಂದೆ ಮಾತ್ರ ನನ್ನನ್ನು ಮುಟ್ಟುತ್ತಿರಲಿಲ್ಲ. ಆ ಜನರ ನಂಬಿಕೆಯಲ್ಲಿ ಆಮೇಲೆ ಹುಟ್ಟಿದವಳೇ ಅಕ್ಕ. ‘ಲೋಕದ ರುಚಿ ಹೇಗಿದೆ, ನೋಡು ಹೋಗು’ ಎಂದು ಅವಳೇ ತಂಗಿಯನ್ನು ಮುಂದೆ ಕಳಿಸುತ್ತಾಳಂತೆ. ‘ಹಾಗಾದರೆ ತಂಗಿಯನ್ನು ಸಾವಿಗೂ ನಾನೇ ಕಳಿಸಿದೆನೇ’ ಎಂಬ ಅಳುಕು ಆ ಮಗುವಿನ ಎದೆಯಲ್ಲಿ ಕುಳಿತುಬಿಟ್ಟಿತು.

ತಾಯಿ ತೀರಿದ ಮೇಲೆ ಅವಳು ನನ್ನನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಲಾಗೋಸ್ ಪಟ್ಟಣದಲ್ಲಿ ರಂಗಕಲಾವಿದೆಯಾದಳು. ಹೆಸರು ಬಂತು, ನಿದ್ದೆ ಬರಲಿಲ್ಲ. ಒಂದು ದಿನ ಪೆಟ್ಟಿಗೆ ತೆರೆದು, "ನಾಳೆಯ ಪ್ರದರ್ಶನ ನಿನ್ನದೇ" ಎಂದಳು.

ರಂಗದ ಮೇಲೆ ಒಂದು ಬೋಗುಣಿ ನೀರು, ಒಂದು ತಟ್ಟೆ ಕಾಳು, ನಾನು, ಅವಳು. ನನಗೆ ಉಣಿಸುವ ಮೊದಲು ಬಿಸಿ ಇದೆಯೇನೋ ಎಂದು ನೋಡಲು ಅವಳು ಒಂದು ಕಾಳನ್ನು ತನ್ನ ಬಾಯಿಗೆ ಹಾಕಿಕೊಂಡಳು.

"ಏ ಹೊಟ್ಟೆಬಾಕಿ!" ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. "ಮೊದಲು ರುಚಿ ನೋಡೋಳು ತೈವೊ ಅಲ್ವೇನೇ?"

ಜನ ಗೊಳ್ಳೆಂದು ನಕ್ಕರು. ಕೆಹಿಂದೆ ನಗಲಿಲ್ಲ.

"ಇಬ್ರಿಗೂ ಜ್ವರ ಬಂದಿತ್ತು ಅಜ್ಜಿ. ಅಕ್ಕ ನಾನು. ಅವಳನ್ನ ಮುಂದೆ ಕಳಿಸಿದ್ದು ನಾನೇ."

ಮುದುಕಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. "ನಾನೂ ಕೆಹಿಂದೆನೇ ಕಣೇ. ನನ್ನ ತೈವೊನೂ ಚಿಕ್ಕವಳಿದ್ದಾಗ್ಲೇ ಹೋದ್ಲು. ಅವಳು ನಾನು ಹೇಳಿದ ಮಾತು ಒಂದಿನಾನೂ ಕೇಳ್ದೋಳಲ್ಲ. ಸ್ನಾನಕ್ಕೆ ಕರೆದ್ರೆ ಮಂಚದಡಿ ಸೇರ್ಕೊಳ್ಳೋಳು. ಅಂಥೋಳು ಅಕ್ಕನ ಮಾತು ಕೇಳಿ ಸಾಯೋಕೆ ಹೋಗ್ತಾಳಾ?"

ಕೆಹಿಂದೆಗೆ ನಗು ಬಂತು. ನಗುತ್ತಿದ್ದ ಹಾಗೇ ಅಳು ಒಡೆಯಿತು. ನನ್ನನ್ನು ಎತ್ತಿ ಮೀಯಿಸಿದಳು, ಮುದುಕಿ ನೀರು ಹೊಯ್ದಳು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಒಬ್ಬೊಬ್ಬರಾಗಿ ಎದ್ದು ಬಂದು ನನ್ನ ತಲೆ ನೇವರಿಸಿದರು.

ಈಗ ನನಗೆ ಮುಪ್ಪು. ಕೆಹಿಂದೆಯ ಅಡುಗೆಮನೆಯ ಕಿಟಕಿಯ ಬಳಿ ಇದ್ದೇನೆ. "ಜರುಗೇ, ಬೆಳಕಿಗೆ ಅಡ್ಡ ಕೂತಿದ್ದೀಯ" ಎಂದು ಅವಳು ಕಾಳು ಆರಿಸುತ್ತಾ ಬೈಯುತ್ತಾಳೆ. ನನ್ನ ಕಡೆ ನೋಡಲೂ ಅಂಜುತ್ತಿದ್ದವಳು! ತಂಗಿಯನ್ನಲ್ಲದೆ ಇನ್ಯಾರನ್ನು ಹೀಗೆ ಬೈಯುತ್ತಾರೆ? ದೇವರೇ, ಈ ಮರದ ಜನ್ಮಕ್ಕೆ ಇಷ್ಟು ಸಾಕು.