ನಾಲ್ಕನೇ ಕಂಪ್ಯೂಟರಿನ ಸಾಲುಗಳು

ವಿಮಾ ಕಚೇರಿಯ ರಮಾಮಣಿ ದಾವಣಗೆರೆಯಿಂದ ಸೂರತ್ತಿಗೆ ವರ್ಗವಾಗಿ ಬಂದದ್ದು 2003ರಲ್ಲಿ. ವಯಸ್ಸು ಐವತ್ತೊಂದು, ಒಂಟಿ ಹೆಂಗಸು. ವರಾಛಾ ಬಡಾವಣೆಯಲ್ಲಿ ವಜ್ರ ಉಜ್ಜುವ ಕಾರ್ಖಾನೆಯ ಮೇಲೆ ಒಂದು ಕೋಣೆ ಸಿಕ್ಕಿತು. ಕೆಳಗೆ ಹಗಲೆಲ್ಲ ಸಾಣೆಗಳ ಸದ್ದು. ಆಫೀಸಿನಲ್ಲಿ ಅರ್ಧಂಬರ್ಧ ಹಿಂದಿಯಲ್ಲಿ ದಿನ ತಳ್ಳಿ ಬಂದರೆ ಮರುದಿನದವರೆಗೆ ತುಟಿ ಬಿಚ್ಚುವ ಸಂದರ್ಭವೇ ಇರುತ್ತಿರಲಿಲ್ಲ.

ಭಾನುವಾರ ಓಣಿಯ ಸೈಬರ್ ಕೆಫೆಗೆ ಹೋಗಿ ಕನ್ನಡ ಪೇಪರು ಓದುತ್ತಿದ್ದಳು. ಒಮ್ಮೆ ನಾಲ್ಕನೇ ಕಂಪ್ಯೂಟರಿನಲ್ಲಿ, ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಕನ್ನಡ’ ಎಂದು ಟೈಪು ಮಾಡತೊಡಗಿದ್ದೇ, ಹಿಂದೆ ಯಾರೋ ಬರೆದು, ಕಂಪ್ಯೂಟರು ನೆನಪಿಟ್ಟುಕೊಂಡಿದ್ದ ಸಾಲು ಕೆಳಗೆ ಇಳಿಯಿತು: ‘ಕನ್ನಡ ಮಾತಾಡುವವರು ಸೂರತ್‌ನಲ್ಲಿ ಯಾರಿದ್ದಾರೆ’.

ರಮಾಮಣಿ ಅದನ್ನು ಎರಡು ಸಲ ಓದಿದಳು. ಆಮೇಲೆ, ತನ್ನದೂ ಅದೇ ಪಟ್ಟಿಯಲ್ಲಿ ಬರಲೆಂದು ಅದೇ ಪದದಿಂದ ಶುರುಮಾಡಿ ಬರೆದಳು: ‘ಕನ್ನಡ ಮಾತಾಡಲು ನಾನಿದ್ದೇನೆ’.

ಮುಂದಿನ ವಾರ ಉತ್ತರವಿತ್ತು: ‘ಕನ್ನಡ ಕಂಡು ಅಳು ಬಂತು’.

ಹೀಗೆ ಏಳು ವಾರ ನಡೆಯಿತು. ನೂರು ಜನ ಕೂರುವ ಕಂಪ್ಯೂಟರು, ಬೇಡವೆಂದು ಇಬ್ಬರೂ ಹೆಸರು ಬರೆಯಲಿಲ್ಲ. ರಮಾಮಣಿಗೆ ಶನಿವಾರ ರಾತ್ರಿಯೇ ಸೀರೆ ಇಸ್ತ್ರಿ ಮಾಡಿಟ್ಟುಕೊಳ್ಳುವ ಹುರುಪು ಬಂತು. ಎಂಟನೇ ವಾರ ಧೈರ್ಯ ಮಾಡಿದಳು: ‘ಕನ್ನಡ ಮಾತಾಡೋಣ, ಭಾನುವಾರ ಹನ್ನೊಂದಕ್ಕೆ ಇಲ್ಲೇ ಬನ್ನಿ, ಕಾಯುತ್ತೇನೆ’.

ಹೇಳಿದ ಭಾನುವಾರ ಮಧ್ಯಾಹ್ನ ಒಂದು ಗಂಟೆಯವರೆಗೆ ಕಾದಳು. ಯಾರೂ ಬರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಸಾಲೂ ಉಳಿದಿರಲಿಲ್ಲ. ಕೆಫೆಯ ಕಿಶೋರ್‌ಭಾಯಿಯನ್ನು ಕೇಳಿದಳು. ಅವನು ಹಿಂದಿಯಲ್ಲಿ ಹೇಳಿದ:

“ಅದಾ ಬೆಹನ್‌ಜೀ, ಬುಧವಾರ ಬರುವ ಹೆಂಗಸು ಅಳಿಸಿದಳು. ಗಂಡ ಹೋಟೆಲಿನ ಅಡುಗೆಯವನು. ಈ ಬುಧವಾರ ಅವನೂ ಜೊತೆಗೆ ಬಂದಿದ್ದ. ಪರದೆಯ ಮೇಲೆ ಯಾವುದೋ ಸಾಲು ನೋಡಿ ಕೆಂಡವಾದ. ಭಾನುವಾರ ಇಲ್ಲಿ ಕೂರುವ ಗಂಡಸು ಯಾರು ಅಂತ ನನ್ನ ಮೇಲೆ ಕೂಗಾಡಿದ. ಭಾನುವಾರ ಎಷ್ಟೋ ಗಂಡಸರು ಕೂರ್ತಾರೆ, ನಂಗೇನು ಗೊತ್ತು ಅಂದೆ. ಅಳಿಸೋದು ಹೇಗೆ ಅಂತ ಅವಳು ಕೇಳಿದಳು, ತೋರಿಸಿಕೊಟ್ಟೆ. ಒಂದೊಂದೇ ಸಾಲನ್ನು ಆರಿಸಿ ಡಿಲೀಟ್ ಒತ್ತಿದಳು.”

ರಮಾಮಣಿ ಒಂದೊಂದು ಸಾಲನ್ನೂ ನೆನಪು ಮಾಡಿಕೊಂಡಳು. ತಾನು ಬರೆದ ಅಷ್ಟೂ ಸಾಲುಗಳಲ್ಲಿ ಹೆಂಗಸೆಂದು ತಿಳಿಯುವಂಥ ಒಂದು ಪದವೂ ಇರಲಿಲ್ಲ. ‘ಇದ್ದೇನೆ’, ‘ಕಾಯುತ್ತೇನೆ’ ಎಂದರೆ ಗಂಡೂ ಆಗಬಹುದು, ಹೆಣ್ಣೂ ಆಗಬಹುದು.

“ಅವರ ಮನೆ ಎಲ್ಲಿ? ಆ ಗಂಡಸು ನಾನೇ ಅಂತ ಹೇಳಿಬರ್ತೀನಿ.”

“ಅಹಮದಾಬಾದಿಗೆ ಹೋದರು. ಅಲ್ಲಿ ಯಾವುದೋ ಹೋಟೆಲಿಗೆ ಸೇರಿದನಂತೆ.” ಕಿಶೋರ್‌ಭಾಯಿ ರಿಜಿಸ್ಟರು ತಿರುವಿ, ಗುಜರಾತಿಯಲ್ಲಿದ್ದ ಹೆಸರನ್ನು ಓದಿ ಹೇಳಿದ. “ವಿಂಧ್ಯಾ.”

ಮುಂದಿನ ಭಾನುವಾರ ರಮಾಮಣಿ ಬೆಳಗಿನ ರೈಲು ಹತ್ತಿ ಅಹಮದಾಬಾದಿಗೆ ಹೋದಳು. ಸ್ಟೇಷನ್ನಿನ ಸುತ್ತಲಿನ ಎರಡು ಉಡುಪಿ ಹೋಟೆಲುಗಳಲ್ಲಿ ವಿಚಾರಿಸಿದಳು. ಗೊತ್ತಿಲ್ಲ ಎಂದರು. ಮೂರನೆಯದರಲ್ಲಿ ಗಲ್ಲೆಯ ಮೇಲಿದ್ದವರು ಊರಕಡೆಯ ಮಾತು ಕೇಳಿ ಮುಖ ಅರಳಿಸಿದರು.

“ವಿಂಧ್ಯಾ ಅಂತ ಯಾರೂ ಗೊತ್ತಿಲ್ಲ ಮಾರಾಯ್ರೆ. ಕೇಳಿ ನೋಡುವ. ನೀವು ಅವರಿಗೆ ಎಂತ ಆಗ್ಬೇಕು?”

ಸ್ನೇಹಿತೆ ಎನ್ನಲು ರಮಾಮಣಿ ಅವಳ ಮುಖವನ್ನೇ ನೋಡಿರಲಿಲ್ಲ.

“ಒಂದು ಕಾಫಿ ಕೊಡಿ,” ಎಂದು ಗೋಡೆಯ ಕಡೆಯ ಮೇಜಿಗೆ ಹೋಗಿ ಕೂತಳು.