ಎಂಟು ಗೂಡಿನ ಪಾಠ

ರಾಮನಗರ ಹೊಸದಾಗಿ ಜಿಲ್ಲೆಯಾದ ವರ್ಷ ಸುಮನಾ ಆ ಊರಿನ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಉಪನ್ಯಾಸಕಿಯಾಗಿದ್ದಳು. ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ಸುತ್ತಲಿನ ಸರ್ಕಾರಿ ಪ್ರೌಢಶಾಲೆಗಳಿಗೆ ಏನಾದರೂ ಉಪಯೋಗವಾಗುವಂಥದ್ದು ಮಾಡಿಕೊಡಿ ಎಂದು ಪಾಲಿಟೆಕ್ನಿಕ್‌ಗೆ ಬಂದಾಗ ಪ್ರಿನ್ಸಿಪಾಲರು ಅವಳನ್ನೇ ಕರೆದರು. ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಷಯಗಳನ್ನು ಐದೈದು ನಿಮಿಷದ ವಿಡಿಯೊಗಳಾಗಿ ತೆಗೆದು, ಸಿಡಿಗೆ ಹಾಕಿ, ಶಾಲೆಗಳಿಗೆ ಹಂಚುವುದೆಂದು ತೀರ್ಮಾನವಾಯಿತು. ಕಂಪ್ಯೂಟರ್ ಇಲ್ಲದ ಶಾಲೆಯವರೂ ಎಲ್ಲಿಂದಲಾದರೂ ಒಂದು ಟಿವಿ, ಒಂದು ಸಿಡಿ ಪ್ಲೇಯರ್ ತಂದಿಟ್ಟುಕೊಳ್ಳಬಹುದಿತ್ತು. ಕಾರ್ಖಾನೆಯವರು ಹ್ಯಾಂಡಿಕ್ಯಾಮ್ ಕೊಡಿಸಿದರು. ಉಳಿದದ್ದೆಲ್ಲ ಅವಳದೇ ಕೆಲಸ.

ಮೊದಲ ನಾಲ್ಕು ವಿಡಿಯೊಗಳಲ್ಲಿ ಸುಮನಾ ಕಪ್ಪುಹಲಗೆಯ ಮುಂದೆ ನಿಂತು ಮಾತಾಡಿದ್ದಳು. ಸೈಕಲ್ಲಿನ ಗೇರು, ನೀರೆತ್ತುವ ಪಂಪು, ಕಂಪ್ಯೂಟರ್ ಡಬ್ಬದ ಒಳಗೇನಿದೆ, ಹೀಗೆ. ಅವನ್ನು ಮೊದಲು ತೋರಿಸಿದ್ದು ರಾಮನಗರದ ಒಂದು ಪ್ರೌಢಶಾಲೆಯಲ್ಲಿ. ಅಲ್ಲಿ ಅರ್ಧ ಮಕ್ಕಳು ತೂಕಡಿಸಿದರು. ವಿಜ್ಞಾನದ ಬೋರಲಿಂಗಯ್ಯ ಮೇಷ್ಟ್ರು ಸಂಕೋಚದಿಂದಲೇ, ಮಕ್ಕಳು ದಿನಾ ಕಣ್ಣಲ್ಲಿ ಕಾಣುವಂಥದ್ದು ಏನಾದರೂ ಹಾಕಿ ಎಂದರು. ಮುಂದಿನ ಪಾಠ ಪ್ರೋಗ್ರಾಂ ಎಂದರೇನು ಎನ್ನುವುದು. ಒಂದು ಷರತ್ತು ನೋಡುವುದು, ಅದರಂತೆ ನಡೆಯುವುದು, ಅದನ್ನೇ ಮತ್ತೆ ಮತ್ತೆ ಮಾಡುವುದು. ಇದನ್ನು ಕಣ್ಣಲ್ಲಿ ಕಾಣಿಸುವುದು ಹೇಗೆಂದು ಅವಳಿಗೆ ಹೊಳೆಯಲಿಲ್ಲ.

ಅದು ಹೊಳೆದದ್ದು ಗಫಾರ್ ಸಾಹೇಬರ ಫಿಲೇಚರ್‌ನಲ್ಲಿ. ಗೂಡಿನ ಮಾರುಕಟ್ಟೆಗೆ ಹತ್ತಿರದಲ್ಲೇ ಇದ್ದ, ರೇಷ್ಮೆಗೂಡಿನಿಂದ ನೂಲು ತೆಗೆಯುವ ಸಣ್ಣ ಘಟಕ ಅದು. ಸುಮನಾ ಅಲ್ಲಿಗೆ ಹೋದದ್ದು ಮೋಟಾರು ಮತ್ತು ಬೆಲ್ಟನ್ನು ಚಿತ್ರಿಸಲು. ಸಾಲಾಗಿ ಇದ್ದ ಬಿಸಿನೀರಿನ ಬೇಸಿನ್‌ಗಳ ಮುಂದೆ ಹೆಂಗಸರು, ನೀರಿನಲ್ಲಿ ತೇಲುವ ಗೂಡುಗಳ ನೂಲನ್ನು ಸೇರಿಸಿ ಒಂದು ಎಳೆ ಮಾಡುತ್ತಾ ಕುಳಿತಿದ್ದರು. ಕೊನೆಯ ಬೇಸಿನ್‌ನಲ್ಲಿ ಮುನವ್ವರಾ ಇದ್ದಳು. ನಲವತ್ತರ ಹತ್ತಿರದ ವಯಸ್ಸು, ಹದಿನೆಂಟು ವರ್ಷದಿಂದ ಅದೇ ಕೆಲಸ. ಅವಳ ಮಗಳು ಮುನ್ನೀ ಬೋರಲಿಂಗಯ್ಯ ಮೇಷ್ಟ್ರ ಶಾಲೆಯಲ್ಲೇ ಒಂಬತ್ತನೇ ತರಗತಿ. ಕೆಲಸ ಹೇಗೆ ಮಾಡುತ್ತೀರಿ ಎಂದು ಸುಮನಾ ಸುಮ್ಮನೆ ಮಾತಿಗೆ ಕೇಳಿದಳು. ಮುನವ್ವರಾ ನೀರಿನಿಂದ ಕೈ ತೆಗೆಯದೆಯೇ ಹೇಳಿದಳು.

"ನೋಡಿ ಮೇಡಂ, ಒಂದ್ ಎಳೆಗೆ ಎಂಟ್ ಗೂಡು. ಎಂಟೂ ಐತಾ ಅಂತ ನೋಡ್ತಾನೇ ಇರ್ಬೇಕು. ಐತಾ, ಸುಮ್ಕೆ ಓಡ್ಲಿ ಬುಡು. ಒಂದ್ ಕಮ್ಮಿ ಆಯ್ತಾ, ಹೊಸಾದ್ ಹಾಕು. ಎಳೆ ಕಿತ್ತೋಯ್ತಾ, ರಾಟೆ ನಿಲ್ಸು, ತುದಿ ಹುಡುಕು, ಗಂಟಾಕು, ಮತ್ತೆ ಬುಡು. ಗೂಡು ಮುಗಿಯೋ ಗಂಟ ಇಷ್ಟೇಯ."

ಸುಮನಾಗೆ ಮೈ ಜುಮ್ಮೆಂದಿತು. ತಾನು ಮೂರು ದಿನದಿಂದ ಕಾಗದದ ಮೇಲೆ ಗೀಚಿ ಹರಿದು ಹಾಕಿದ್ದ ಪಾಠ ಪೂರ್ತಿಯಾಗಿ ಆ ಮಾತಿನಲ್ಲಿತ್ತು. ಇನ್ನೊಮ್ಮೆ ಹೇಳಿ ಅಕ್ಕ ಎಂದು ಕೇಳಿ, ಮುಖ, ಕೈ, ಬೇಸಿನ್ ಎಲ್ಲ ಬರುವಂತೆ ಕ್ಯಾಮೆರಾ ಹಿಡಿದಳು. ಮುನವ್ವರಾ ಮೊದಲು ನಾಚಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಕ್ಯಾಮೆರಾ ಇದೆಯೆನ್ನುವುದನ್ನೇ ಮರೆತು, ಹೊಸದಾಗಿ ಸೇರಿದ ಹುಡುಗಿಗೆ ಕೆಲಸ ಕಲಿಸುವವಳ ಹಾಗೆ ಹೇಳುತ್ತಾ ಹೋದಳು. ಹೊರಡುವಾಗ ಸುಮನಾ ತಾನಾಗಿಯೇ, ಶಾಲೆಯಲ್ಲಿ ಇದನ್ನು ತೋರಿಸುವ ದಿನ ನೀವೂ ಬರಬೇಕು ಎಂದು ಕರೆದಳು.

ತಪ್ಪು ನಡೆದದ್ದು ಎಡಿಟಿಂಗ್ ಮಾಡುವಾಗ. ಕಂಪ್ಯೂಟರ್ ಮುಂದೆ ಕುಳಿತು 'ಐತಾ', 'ಬುಡು' ಎಂಬ ಮಾತುಗಳನ್ನು ಮತ್ತೆ ಕೇಳುತ್ತಿದ್ದಂತೆ ಸುಮನಾಳ ಕಿವಿ ಬಿಸಿಯಾಯಿತು. ಅವಳು ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದವಳು. ಅವಳ ತಂದೆ ಗಂಗಹನುಮಯ್ಯ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಮೊದಲ ವರ್ಷದ ಲ್ಯಾಬ್‌ನಲ್ಲಿ ಅವಳು, ಇದರಲ್ಲಿ ವೋಲ್ಟೇಜ್ ಐತೆ ಸರ್ ಎಂದಿದ್ದಳು. ತರಗತಿ ಬಿದ್ದು ಬಿದ್ದು ನಕ್ಕಿತ್ತು. ನಾಲ್ಕು ವರ್ಷವೂ ಅವಳ ಹೆಸರು 'ಐತೆ' ಎಂದೇ ಉಳಿಯಿತು. ಅವಳು ಹಟ ಹಿಡಿದು ಮಾತನ್ನು ತಿದ್ದಿಕೊಂಡಳು, ಎಷ್ಟೆಂದರೆ ಮನೆಯಲ್ಲಿಯೂ ಹಳೆಯ ಮಾತು ಬರದಂತಾಯಿತು. ಈಗ ಈ ಸಿಡಿಯಲ್ಲಿ ಅದೇ ಮಾತು ಕೇಳಿದರೆ ಕಾರ್ಖಾನೆಯವರು ಏನೆಂದುಕೊಂಡಾರು, ಪ್ರಿನ್ಸಿಪಾಲರು ಏನೆಂದಾರು ಎಂದು ಅವಳಿಗೆ ಅನ್ನಿಸಿತು. ಯಾರೂ ಏನೂ ಹೇಳಿರಲಿಲ್ಲ. ಆ ಮಾತು ತಿದ್ದು ಎಂದು ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ಅವಳು ಮುನವ್ವರಾಳ ಧ್ವನಿಯನ್ನು ತೆಗೆದು ಅದೇ ಮಾತುಗಳನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ತಾನೇ ಓದಿದಳು. ತುಟಿಯ ಚಲನೆಗೆ ಮಾತು ಹೊಂದಲಿಲ್ಲವೆಂದು ಮುಖವನ್ನೂ ಕತ್ತರಿಸಿದಳು. ಉಳಿದದ್ದು ಬೇಸಿನ್ ಮತ್ತು ಎರಡು ಕೈಗಳು. ಕೊನೆಯಲ್ಲಿ 'ಪರಿಕಲ್ಪನೆ ಮತ್ತು ನಿರೂಪಣೆ: ಸುಮನಾ' ಎಂದು ಅಕ್ಷರ ಮೂಡಿಸಿದಳು. ಮನೆಯಲ್ಲಿ ಹಾಕಿ ತೋರಿಸಿದಾಗ ಗಂಗಹನುಮಯ್ಯನವರು, ವಾರ್ತೆ ಓದೋರ ಥರ ಐತೆ ಕಣವ್ವ ಎಂದರು. ಅವಳು ಅದನ್ನು ಹೊಗಳಿಕೆ ಎಂದೇ ತಿಳಿದಳು. ಮೂವತ್ತೆಂಟು ಸಿಡಿಗಳು ತಯಾರಾಗಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಶಾಲೆಗಳಿಗೆ ಹೋದವು.

ಪ್ರದರ್ಶನದ ದಿನ ಮುನವ್ವರಾ ಮಧ್ಯಾಹ್ನದ ಕೆಲಸ ಬಿಟ್ಟು ಶಾಲೆಗೆ ಬಂದಿದ್ದಳು. ಇಸ್ತ್ರಿ ಮಾಡಿದ ಬುರ್ಖಾ ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು. ನಮ್ಮಮ್ಮ ಟಿವಿಯಲ್ಲಿ ಬರುತ್ತಾಳೆ ಎಂದು ಮುನ್ನೀ ವಾರದಿಂದ ತರಗತಿಗೆಲ್ಲ ಹೇಳಿಕೊಂಡು ಬಂದಿದ್ದಳು. ಕೊನೆಯ ಬೆಂಚನ್ನು ಸುಮನಾ ಆಗಷ್ಟೇ ನೋಡಿದಳು. ತಾನು ಕರೆದದ್ದು ಅವಳಿಗೆ ಮರೆತೇ ಹೋಗಿತ್ತು. ಅಷ್ಟರಲ್ಲಿ ಬೋರಲಿಂಗಯ್ಯ ಮೇಷ್ಟ್ರು ಸಿಡಿ ಹಾಕಿ ಆಗಿತ್ತು.

ಪರದೆಯ ತುಂಬ ಕೈಗಳು ಬಂದವು. ಬಿಸಿನೀರಿನಲ್ಲಿ ನೆನೆದು ಬಿಳಿಚಿಕೊಂಡ, ಚರ್ಮ ಸುಲಿದ ಬೆರಳುಗಳು. 'ಒಂದು ಎಳೆಗೆ ಎಂಟು ಗೂಡುಗಳು ಅಗತ್ಯ' ಎಂದು ಸುಮನಾಳ ಧ್ವನಿ ಹೇಳತೊಡಗಿತು. ಮುನ್ನೀ, ಅದೇ ನಮ್ಮಮ್ಮ ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು. ಮುಖ ಬರಲೆಂದು ಎಲ್ಲರೂ ಕಾದರು. ಬರಲಿಲ್ಲ. ಆಗ ನಡುವಿನ ಸಾಲಿನಿಂದ ಒಬ್ಬ ಹುಡುಗ, ಕೈ ನೋಡ್ಲಾ, ಬೇಯ್ಸಿದ ಗೆಣಸಿನಂಗೆ ಐತೆ ಎಂದ. ನಗು ಎದ್ದಿತು. ಮೇಷ್ಟ್ರು ಗದರಿದರು. ಮುನ್ನೀ ತಲೆಯನ್ನು ಡೆಸ್ಕಿಗೆ ಆನಿಸಿಬಿಟ್ಟಳು, ವಿಡಿಯೊ ಮುಗಿಯುವವರೆಗೂ ಎತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ ಮುನವ್ವರಾ ಎರಡೂ ಕೈಗಳನ್ನು ಬುರ್ಖಾದ ಒಳಗೆ ಎಳೆದುಕೊಂಡದ್ದು ಸುಮನಾಗೆ ಕಾಣಿಸಿತು.

ಮಕ್ಕಳು ಹೊರಟ ಮೇಲೆ ಮುನವ್ವರಾ ಹತ್ತಿರ ಬಂದಳು. ಸಿಟ್ಟಿರಲಿಲ್ಲ.

"ಕೈ ನಂದು ಮೇಡಂ. ಮಾತು ಯಾರ್ದು?"

ಮೋಟಾರಿನ ಸದ್ದಿನಲ್ಲಿ ನಿಮ್ಮ ಮಾತು ಸರಿಯಾಗಿ ಕೇಳಿಸಲಿಲ್ಲ ಅಕ್ಕ, ಅದಕ್ಕೇ ನಾನು ಹೇಳಬೇಕಾಯಿತು ಎಂದು ಸುಮನಾ ಹೇಳಿದಳು. ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಕಂಡು ಅವಳಿಗೇ ಹೇಸಿಗೆಯಾಯಿತು. ಮುನವ್ವರಾ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ತಲೆಯಾಡಿಸಿ ಹೊರಟುಹೋದಳು.

ನಾಲ್ಕು ದಿನ ಕಳೆದ ಮೇಲೆ ಬೋರಲಿಂಗಯ್ಯ ಮೇಷ್ಟ್ರು ಫೋನ್ ಮಾಡಿದರು. ಮುನ್ನೀ ಆವತ್ತಿನಿಂದ ಶಾಲೆಗೆ ಬಂದಿಲ್ಲ, ಹುಡುಗರು ಬೀದಿಯಲ್ಲೂ ಅವಳನ್ನು ಗೆಣಸು ಎಂದು ಕರೆಯುತ್ತಿದ್ದಾರಂತೆ ಎಂದರು. ಸುಮನಾ ಫೋನ್ ಇಟ್ಟವಳು ಮಧ್ಯಾಹ್ನದ ಊಟವನ್ನೂ ಮಾಡದೆ ಕುಳಿತಳು. ಹೆಸರಿಟ್ಟು ಕರೆಸಿಕೊಳ್ಳುವುದು ಹೇಗಿರುತ್ತದೆಂದು ಬೇರೆ ಯಾರಿಗೂ ಗೊತ್ತಿಲ್ಲದಿದ್ದರೂ ಸುಮನಾಗೆ ಗೊತ್ತಿತ್ತು. ಹಳೆಯ ಟೇಪನ್ನು ಹಾಕಿ ಕೇಳಿದಳು. ಮುನವ್ವರಾಳ ಮಾತಿನ ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಟೇಪು ನಿಲ್ಲಿಸಿ ಎದ್ದು ನೇರವಾಗಿ ಫಿಲೇಚರ್‌ಗೆ ನಡೆದಳು.

ಅಲ್ಲಿ ಬೇಸಿನ್‌ಗಳ ಪಕ್ಕದಲ್ಲೇ ನಿಂತು, ಉಳಿದ ಹೆಂಗಸರೂ ಕೇಳುವಂತೆ, ಅವತ್ತು ನಾನು ಸುಳ್ಳು ಹೇಳಿದೆ ಎಂದಳು. ಮುನವ್ವರಾ ಕೆಲಸ ನಿಲ್ಲಿಸಲಿಲ್ಲ.

"ಗೊತ್ತು ಮೇಡಂ. ತೆಗ್ದಿದ್ ದಿನಾನೇ ನೀವು ಆ ಕ್ಯಾಮೆರಾದಾಗೆ ನಮಗೆಲ್ಲ ಹಾಕಿ ಕೇಳಿಸಿದ್ರಿ. ಗಫಾರ್ ಸಾಬ್ರೂ ಕೇಳುದ್ರು. ಚೆಂದಾಗೇ ಕೇಳ್ತಿತ್ತು."

ಸುಮನಾಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವತ್ತು ಶಾಲೆಯಲ್ಲಿ ಮುನವ್ವರಾ ಸುಳ್ಳೆಂದು ಗೊತ್ತಿದ್ದೂ, ತನ್ನ ಮಾನ ಉಳಿಸಲೆಂದು ತಲೆಯಾಡಿಸಿದ್ದಳು. ಸುಮನಾ, ಇನ್ನೊಮ್ಮೆ ಚಿತ್ರಿಸೋಣ, ನಿಮ್ಮ ಮುಖ, ಹೆಸರು, ಮಾತು ಎಲ್ಲವೂ ಇರಲಿ ಎಂದು ಕೇಳಿಕೊಂಡಳು. ಮುನವ್ವರಾ ಬೇಡವೆಂದಳು. ಇದ್ದದ್ದನ್ನೇ ತೋರಿಸಿ, ಹೊಸದಾಗಿ ನನ್ನ ಕೈಯ ಚಿತ್ರ ತೆಗೆಯುವುದು ಬೇಡ ಎಂದಳು. ಆಮೇಲೆ ಮೊದಲ ಸಲ ಕತ್ತೆತ್ತಿ ನೋಡಿದಳು.

"ನಂಗೆ ಹೇಳಿ ಏನ್ ಬಂತು? ನನ್ ಮಗಳು ತಲೆ ತಗ್ಸಿದ್ದು ಆ ಕ್ಲಾಸ್‌ನಾಗೆ. ಅಲ್ಲಿ ಹೇಳಿ. ನಾಳೀಕೆ ಅವಳ್ನ ಕಳಿಸ್ತೀನಿ."

ಮರುದಿನ ಮುನ್ನೀ ಬಂದು ಗೋಡೆಯ ಪಕ್ಕ ಕುಳಿತಿದ್ದಳು. ಸುಮನಾ ಅರವತ್ತು ಮಕ್ಕಳ ಮುಂದೆ ನಿಂತಳು. ರಾತ್ರಿಯೆಲ್ಲ ಯೋಚಿಸಿಟ್ಟುಕೊಂಡ ವಾಕ್ಯಗಳು ಒಂದೂ ನೆನಪಾಗಲಿಲ್ಲ. ಹೋದ ವಾರ ನೀವು ನೋಡಿದ ಪಾಠ ನನ್ನದಲ್ಲ, ಮುನವ್ವರಾ ಎನ್ನುವವರದು, ನಾನು ಅವರ ಮಾತು ತೆಗೆದು ನನ್ನ ಹೆಸರು ಹಾಕಿಕೊಂಡೆ ಎಂದಷ್ಟೇ ಹೇಳಿದಳು. ಮುಂದಿನ ಬೆಂಚಿನ ಶ್ವೇತ ಎಂಬ ಹುಡುಗಿ, ಯಾಕೆ ತೆಗೆದಿರಿ ಮೇಡಂ ಎಂದು ಕೇಳಿದಳು. ಕೆಣಕುವುದಕ್ಕಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದಳು.

"ನನಗೆ ನಾಚಿಕೆ ಆಯ್ತು," ಎಂದಳು ಸುಮನಾ. "ನಾನು ಬೈರಾಪಟ್ಟಣದೋಳು. ನಾನೂ ಹಂಗೇ ಮಾತಾಡ್ತಿದ್ದೆ. ಕಾಲೇಜಲ್ಲಿ ನಕ್ಕುಬುಟ್ರು. ಮುನವ್ವರಾ ಅವರ ಬಾಯಲ್ಲಿ ನನ್ನ ಮಾತು ಕೇಳಿ ಹೆದರ್ಕೊಂಡೆ."

ಎಷ್ಟೋ ವರ್ಷದ ಮೇಲೆ ಆ ಮಾತು ಅವಳ ಬಾಯಲ್ಲಿ ತಡವರಿಸುತ್ತಾ ಬಂತು. ಮಕ್ಕಳು ನಗಲಿಲ್ಲ. ಮುನ್ನೀ ನೆಲ ನೋಡುತ್ತಿದ್ದಳು.

ಆಮೇಲೆ ಸುಮನಾ ಕತ್ತರಿಸದ ವಿಡಿಯೊವನ್ನು ಹಾಕಿದಳು. ಮುನವ್ವರಾಳ ಮುಖ ಬಂತು, ಸೆರಗು ಸರಿಮಾಡಿಕೊಂಡದ್ದು ಬಂತು, ಮಾತು ಬಂತು. ಕೈಗಳೂ ಅವೇ ಕೈಗಳು, ಆದರೆ ಈಗ ಮಕ್ಕಳು ಅವು ಮಾಡುತ್ತಿದ್ದ ಕೆಲಸವನ್ನು ನೋಡಿದರು. ಎರಡನೇ ಸಲ ಹಾಕಿ ಎಂದು ಅವರೇ ಕೇಳಿದರು. ಗೆಣಸು ಎಂದಿದ್ದ ಹುಡುಗನ ಹೆಸರು ಸ್ವಾಮಿ. ಮೇಷ್ಟ್ರು ಅವನನ್ನೇ ಹಲಗೆಗೆ ಕರೆದು, ಇದನ್ನು ಕಂಪ್ಯೂಟರಿಗೆ ಹೇಳುವ ಹಾಗೆ ಬರಿ ನೋಡೋಣ ಎಂದರು. ಅವನು ತಪ್ಪಿಲ್ಲದೆ ಬರೆದ. ಎಂಟು ಇದ್ದರೆ ಬಿಡು, ಕಡಿಮೆಯಾದರೆ ಹಾಕು, ಕಿತ್ತರೆ ನಿಲ್ಲಿಸು, ಮುಗಿಯುವವರೆಗೂ ಮೊದಲಿಂದ ಮಾಡು. ಸುಮನಾ ಪಕ್ಕದಲ್ಲಿ ನಿಂತಿದ್ದಳು. ತಾನು ಒಂದು ಮಾತನ್ನೂ ಸೇರಿಸಬೇಕಾಗಿರಲಿಲ್ಲ ಎನ್ನುವುದು ಆ ಹಲಗೆಯ ಮೇಲೆ ಎಲ್ಲರಿಗೂ ಕಾಣುವ ಹಾಗಿತ್ತು.

ಗಂಟೆ ಹೊಡೆದಾಗ ಸುಮನಾ ಮುನ್ನೀಯ ಬಳಿ ಹೋಗಿ ಕ್ಷಮೆ ಕೇಳಿದಳು. ಮುನ್ನೀ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಾ, ಆಯ್ತು ಮೇಡಂ ಎಂದಳು. ಅವಳು ಅಂದಿನಿಂದ ಶಾಲೆ ತಪ್ಪಿಸಲಿಲ್ಲ, ಹತ್ತನೇ ತರಗತಿಯನ್ನೂ ಒಳ್ಳೆಯ ಅಂಕದಲ್ಲಿ ಮುಗಿಸಿದಳು. ಆದರೆ ಸುಮನಾಳ ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕಲಿಲ್ಲ. ಬೋರಲಿಂಗಯ್ಯ ಮೇಷ್ಟ್ರು ಹೇಳಿ ನೋಡಿದರಂತೆ. ಅಲ್ಲಿಗೆ ಬೇಡ ಸರ್ ಎಂದಳಂತೆ.

ಸುಮನಾ ಮುನವ್ವರಾಳ ಮುಖ, ಮಾತು, ಹೆಸರು ಇರುವ ಹೊಸ ಸಿಡಿಗಳನ್ನು ಮಾಡಿದಳು. ಪ್ರಿನ್ಸಿಪಾಲರಿಗೂ ಕಾರ್ಖಾನೆಯವರಿಗೂ ನಡೆದದ್ದನ್ನು ಬರೆದು ಕೊಟ್ಟಳು. ಕಾರ್ಖಾನೆಯವರು ಒಂದು ಸಾಲಿನ ಉತ್ತರ ಕಳಿಸಿದರು, ಅವರಿಗೆ ಯಾವ ಧ್ವನಿಯಾದರೂ ಆಗುತ್ತಿತ್ತು. ಆಮೇಲೆ ಶನಿವಾರಗಳಂದು ಬಸ್ಸು ಹತ್ತಿ, ಒಂದೊಂದೇ ಶಾಲೆಗೆ ಹೋಗಿ, ಕಾರಣ ಹೇಳಿ, ಹಳೆಯ ಸಿಡಿ ವಾಪಸು ತೆಗೆದುಕೊಂಡು ಹೊಸದನ್ನು ಕೊಟ್ಟು ಬಂದಳು. ಕಾರಣ ಹೇಳುವುದು ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಹಗುರಾಗಲಿಲ್ಲ. ಮೂವತ್ತೊಂದು ಸಿಕ್ಕವು, ಏಳು ಸಿಗಲಿಲ್ಲ.

ಕನಕಪುರದ ಕಡೆಯ ಒಂದು ಶಾಲೆಯ ಹೆಡ್‌ಮಾಸ್ಟರು ಅವಳನ್ನು ಕೂರಿಸಿ ಕಾಫಿ ತರಿಸಿದರು. ಆ ಸಿಡಿಯನ್ನು ಮಾಗಡಿಯ ಯಾರೋ ಮೇಷ್ಟ್ರು ಒಯ್ದಿದ್ದಾರೆ, ಎಲ್ಲಿದೆಯೋ ಗೊತ್ತಿಲ್ಲ ಎಂದರು. ಅವಳು ಕಾರಣ ಹೇಳುವ ಮೊದಲೇ, ನಿಮ್ಮ ಧ್ವನಿ ಬಹಳ ಚೆನ್ನಾಗಿದೆ ಮೇಡಂ, ಎಷ್ಟು ಶುದ್ಧವಾದ ಕನ್ನಡ ಎಂದು ಹೊಗಳಿದರು. ಸುಮನಾ ಲೋಟವನ್ನು ಕೆಳಗಿಟ್ಟು, ತಲೆ ತಗ್ಗಿಸಿಕೊಂಡೇ ಹೇಳಬೇಕಾದ್ದನ್ನು ಮೊದಲಿನಿಂದ ಹೇಳತೊಡಗಿದಳು.